ಬಿಡುವಿನ ದಾನಪತ್ರ

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತೈದು ವರ್ಷ ಪರರ ಕ್ರಯಪತ್ರ, ಅಡಮಾನಪತ್ರ, ದಾನಪತ್ರ, ಉಯಿಲುಗಳನ್ನು ದಾಖಲೆಗೆ ತೆಗೆದುಕೊಂಡು ನಿವೃತ್ತರಾದ ಸೋದರಮಾವನವರ ಮನೆಗೆ, ಭೌತವಿಜ್ಞಾನದಲ್ಲಿ ಸಂಶೋಧನೆ ನಡೆಸುತ್ತಿದ್ದ ಅಳಿಯನು ದೀಪಾವಳಿಯ ಬಿಡುವಿಗೆ ಬಂದಿದ್ದನು. ರಾತ್ರಿಯ ಊಟ ಮುಗಿದು ಎಲೆಯಡಕೆಯ ತಟ್ಟೆ ನಡುವೆ ಬಂದ ಮೇಲೆ, ಹಗಲೆಲ್ಲ ಮನಸ್ಸಿನಲ್ಲಿಟ್ಟುಕೊಂಡಿದ್ದ ಬಿನ್ನಹವೊಂದನ್ನು ಅವನು ಮೆಲ್ಲನೆ ಹೊರತೆಗೆದನು.

ಅಳಿಯ: ಮಾವ, ನಿಮ್ಮ ಓದುವ ಕೋಣೆಯಲ್ಲಿರುವ ಗಣಕಯಂತ್ರವು ದಿನಕ್ಕೆ ಎಷ್ಟು ಹೊತ್ತು ದುಡಿಯುತ್ತದೆ?

ಮಾವ: ಬೆಳಗ್ಗೆ ಪತ್ರಿಕೆ ನೋಡಲು ಅರ್ಧ ಗಂಟೆ, ಸಂಜೆ ನಮ್ಮ ಮನೆತನದ ವಂಶಾವಳಿಯನ್ನು ಬರೆಯಲು ಒಂದು ಗಂಟೆ. ಉಳಿದ ಹೊತ್ತೆಲ್ಲ ನಿನ್ನ ಅತ್ತೆ ಹೊದಿಸಿದ ಬಟ್ಟೆಯ ಕೆಳಗೆ, ನನಗಿಂತಲೂ ಸುಖವಾದ ನಿವೃತ್ತಿಯನ್ನು ಅದು ಅನುಭವಿಸುತ್ತಿದೆ. ಏಕೆ, ನಿನಗೆ ಬೇಕೆ?

ಅಳಿಯ: ಯಂತ್ರ ಬೇಡ, ಅದರ ಬಿಡುವು ಬೇಕು. ಅದೂ ನನಗಲ್ಲ, ವಿಜ್ಞಾನಕ್ಕೆ. ಒಂದೇ ಯಂತ್ರಕ್ಕೆ ಒಪ್ಪಿಸಿದರೆ ಸಾವಿರಾರು ವರ್ಷ ಹಿಡಿಯುವಂತಹ ಲೆಕ್ಕಗಳಿವೆ. ಅವುಗಳನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದು, ಲೋಕದ ನಾನಾ ಮನೆಗಳಿಗೆ ಅಂತರ್ಜಾಲದ ಮೂಲಕ ಹಂಚಿ, ಆಯಾ ಮನೆಯ ಯಂತ್ರವು ತನ್ನ ಯಜಮಾನನಿಗೆ ಬೇಡವಾಗಿರುವ ಹೊತ್ತಿನಲ್ಲಿ ತನ್ನ ಪಾಲಿನ ತುಣುಕನ್ನು ಬಿಡಿಸಿ ಉತ್ತರವನ್ನು ಹಿಂದಿರುಗಿಸುವಂತೆ ಏರ್ಪಾಡು ಮಾಡಿದರೆ, ಆ ಸಾವಿರ ವರ್ಷಗಳ ಕೆಲಸ ಕೆಲವೇ ತಿಂಗಳಲ್ಲಿ ಮುಗಿಯಬಹುದು.

ಮಾವ: ಅಂದರೆ, ಮಠದ ಸಂತರ್ಪಣೆಗೆ ಮನೆಮನೆಯಿಂದ ಹಿಡಿಯಕ್ಕಿ ಎತ್ತಿದ ಹಾಗೆ. ಇಂತಹ ಸಂತರ್ಪಣೆ ಎಲ್ಲಿಯಾದರೂ ನಡೆದಿದೆಯೆ, ಅಥವಾ ನಿನ್ನ ಮನಸ್ಸಿನಲ್ಲಿ ಮಾತ್ರ ಒಲೆ ಹೂಡಿದ್ದೀಯೊ?

ಅಳಿಯ: ನಡೆದಿದೆ. 1999ರ ಮೇ 17ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ‘ಸೆಟಿ ಅಟ್ ಹೋಮ್’ ಎಂಬ ಯೋಜನೆಯನ್ನು ಸಾರ್ವಜನಿಕರಿಗೆ ತೆರೆದರು. ಪೋರ್ಟೊರಿಕೊ ದ್ವೀಪದ ಅರೆಸಿಬೊದಲ್ಲಿ ಬೆಟ್ಟಗಳ ನಡುವಣ ಕುಳಿಯೊಂದರಲ್ಲಿ 305 ಮೀಟರ್ ಅಗಲದ ರೇಡಿಯೋ ದೂರದರ್ಶಕದ ಬೋಗುಣಿಯನ್ನು ಕಟ್ಟಿದ್ದರು. ಅದರೊಳಗೆ ಬಿದ್ದ ಆಕಾಶದ ಸದ್ದನ್ನು ಹೆಚ್ಚುಕಡಿಮೆ 107 ಸೆಕೆಂಡುಗಳ ಚೂರುಗಳಾಗಿ ಕತ್ತರಿಸಿ ಮನೆಮನೆಗೆ ಕಳುಹಿಸಿ, ಬೇರೊಂದು ಲೋಕದ ಬುದ್ಧಿಜೀವಿಗಳ ಸಂಜ್ಞೆ ಅದರಲ್ಲಿ ಅಡಗಿದೆಯೇ ಎಂದು ಹುಡುಕಿಸುತ್ತಿದ್ದರು. ಯಜಮಾನನು ಕಾಫಿಗೆ ಎದ್ದುಹೋದ ಕೂಡಲೆ ಪರದೆಯ ಮೇಲೆ ಬಣ್ಣಬಣ್ಣದ ರೇಖೆಗಳ ಸ್ಕ್ರೀನ್ ಸೇವರ್ ಮೂಡಿ ಲೆಕ್ಕ ಸಾಗುತ್ತಿತ್ತು. ಅವನು ಮರಳಿ ಬಂದು ಮುಟ್ಟಿದೊಡನೆ ಅದು ಹಿಂದೆ ಸರಿಯುತ್ತಿತ್ತು. ಐವತ್ತು ಲಕ್ಷಕ್ಕಿಂತ ಹೆಚ್ಚು ಮಂದಿ ಕಾಲಕಾಲಕ್ಕೆ ಅದರಲ್ಲಿ ಸೇರಿಕೊಂಡರು.

ಮಾವ: ಸಂಜ್ಞೆ ಸಿಕ್ಕಿತೆ?

ಅಳಿಯ: ಇಲ್ಲ. 2020ರ ಮಾರ್ಚ್ 31ರಂದು ಹೊಸ ತುಣುಕುಗಳನ್ನು ಹಂಚುವುದನ್ನು ನಿಲ್ಲಿಸಿದರು. ಅದೇ ವರ್ಷದ ಡಿಸೆಂಬರ್ 1ರಂದು ಅರೆಸಿಬೊದ ಬೋಗುಣಿಯ ಮೇಲೆ ತೂಗುತ್ತಿದ್ದ 900 ಟನ್ನುಗಳ ಅಟ್ಟಣೆಯೇ ಕಳಚಿ ಬಿದ್ದು ದೂರದರ್ಶಕ ನಾಶವಾಯಿತು.

ಮಾವ: ಇಪ್ಪತ್ತೊಂದು ವರ್ಷ ಲೋಕವೆಲ್ಲ ಹಿಡಿಯಕ್ಕಿ ಕೊಟ್ಟರೂ ಅನ್ನವಾಗಲಿಲ್ಲವೆನ್ನು.

ಅಳಿಯ: ಆ ಅನ್ನ ಆಗಲಿಲ್ಲ, ಆದರೆ ಅಲ್ಲಿ ಹೂಡಿದ ಒಲೆಯಲ್ಲಿ ಬೇರೆ ಅಡುಗೆ ಬೆಂದಿತು. ಅದನ್ನು ನಡೆಸಿದವರಲ್ಲಿ ಒಬ್ಬರಾದ ಡೇವಿಡ್ ಆಂಡರ್ಸನ್ ಅವರು, ಯಾವ ಶಾಸ್ತ್ರದವರು ಬೇಕಾದರೂ ಬಳಸಬಹುದಾದ ‘ಬಾಯಿಂಕ್’ ಎಂಬ ಸಾಮಾನ್ಯ ವ್ಯವಸ್ಥೆಯನ್ನು ಕಟ್ಟಿಕೊಟ್ಟರು. ಅದರ ಮೇಲೆ ನಿಂತ ‘ಐನ್‌ಸ್ಟೈನ್ ಅಟ್ ಹೋಮ್’ ಯೋಜನೆಯಲ್ಲಿ, ಅಮೆರಿಕದ ಅಯೋವಾದ ದಂಪತಿಗಳಿಬ್ಬರ ಮತ್ತು ಜರ್ಮನಿಯ ಒಬ್ಬ ದಾನಿಯ ಗಣಕಗಳು, ಅದೇ ಅರೆಸಿಬೊ ಕೇಳಿಸಿಕೊಂಡಿದ್ದ ಸದ್ದಿನೊಳಗಿಂದ, ಸೆಕೆಂಡಿಗೆ ಸುಮಾರು ನಲವತ್ತೊಂದು ಸುತ್ತು ತಿರುಗುವ, ಅದುವರೆಗೆ ಯಾರಿಗೂ ತಿಳಿಯದಿದ್ದ ಪಲ್ಸಾರ್ ನಕ್ಷತ್ರವೊಂದನ್ನು ಹೆಕ್ಕಿ ತೆಗೆದುದು 2010ರಲ್ಲಿ ಪ್ರಕಟವಾಯಿತು. ಪ್ರೋಟೀನುಗಳು ಮಡಿಚಿಕೊಳ್ಳುವ ಬಗೆಯನ್ನು ಅರಸುವ ‘ಫೋಲ್ಡಿಂಗ್ ಅಟ್ ಹೋಮ್’ ಎಂಬುದು 2000ದಿಂದಲೇ ಬೇರೆಯಾಗಿ ನಡೆದುಬಂದಿತ್ತು. 2020ರಲ್ಲಿ ಕೊರೊನಾ ಬಂದು ಲೋಕವೆಲ್ಲ ಬಾಗಿಲು ಹಾಕಿಕೊಂಡಾಗ ಅದಕ್ಕೆ ಎಷ್ಟು ಜನ ಬಿಡುವು ಧಾರೆಯೆರೆದರೆಂದರೆ, ಮಾರ್ಚ್ ತಿಂಗಳು ಮುಗಿಯುವಷ್ಟರಲ್ಲಿ ಆ ಯಂತ್ರಗಳೆಲ್ಲ ಕೂಡಿ ಸೆಕೆಂಡಿಗೆ ಒಂದರ ಮುಂದೆ ಹದಿನೆಂಟು ಸೊನ್ನೆಗಳಷ್ಟು ಲೆಕ್ಕಗಳನ್ನು ಮಾಡಬಲ್ಲವಾದುವು.

ಮಾವ: ಉದ್ದೇಶ ಪುಣ್ಯದ್ದೇ. ಆದರೆ ಪುಣ್ಯದ ಉದ್ದೇಶವೊಂದನ್ನೇ ನೋಡಿ ಪತ್ರ ನೋಂದಾಯಿಸಿದವನು ನಾನಲ್ಲ. ಮುದುಕರೊಬ್ಬರು ಮೊಮ್ಮಗನಿಗೆ ಮನೆ ಕೊಡಲು ಬಂದು ಎದುರಿಗೆ ನಿಂತಾಗಲೂ ನಾವು ಕೇಳುತ್ತಿದ್ದುದು ನಾಲ್ಕೇ ಮಾತು: ಸ್ವತ್ತು ಕೊಡುವವನದೆಯೆ? ಸ್ವಇಚ್ಛೆಯಿಂದ ಕೊಡುತ್ತಿದ್ದಾನೆಯೆ? ಪ್ರತಿಫಲವಿಲ್ಲದ ಈ ದಾನದಲ್ಲಿ ತಾನು ಕಳೆದುಕೊಳ್ಳುವುದೆಷ್ಟೆಂಬುದು ಅವನಿಗೆ ಗೊತ್ತೆ? ಕೊನೆಯದಾಗಿ, ಸ್ವತ್ತಿನ ಚಕ್ಕುಬಂದಿ ಏನು? ಈ ನಾಲ್ಕರಲ್ಲಿ ಒಂದು ತಪ್ಪಿದರೂ ಮುಂದೆ ವ್ಯಾಜ್ಯ ಹುಟ್ಟುತ್ತದೆ. ನಿನ್ನ ವಿಜ್ಞಾನವನ್ನೂ ಅದೇ ಕಟಕಟೆಯಲ್ಲಿ ನಿಲ್ಲಿಸೋಣ.

ಅಳಿಯ: ನಿಲ್ಲಿಸಿ ಮಾವ. ಮೊದಲನೆಯ ಪ್ರಶ್ನೆಗೆ ನನ್ನ ಬಳಿ ಒಂದು ನಿದರ್ಶನವೇ ಇದೆ. ಅಮೆರಿಕದ ಜಾರ್ಜಿಯಾ ಸಂಸ್ಥಾನದ ತಾಂತ್ರಿಕ ವಿದ್ಯಾಲಯವೊಂದರಲ್ಲಿ ಗಣಕಗಳ ಮೇಲ್ವಿಚಾರಕನಾಗಿದ್ದ ಒಬ್ಬನು, ಇಂತಹುದೇ ಹಂಚಿಕೆಯ ಲೆಕ್ಕಕ್ಕೆ ವಿದ್ಯಾಲಯದ ಯಂತ್ರಗಳನ್ನು ಯಾರನ್ನೂ ಕೇಳದೆ ಸೇರಿಸಿಬಿಟ್ಟನು. ಸೆಕೆಂಡಿಗೆ 59 ಸೆಂಟುಗಳಂತೆ ನಷ್ಟ ಕಟ್ಟಿ ಅವನ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಿದರು. 2002ರಲ್ಲಿ ಅದು ದಂಡ, ನಡತೆಯ ನಿಗಾವಣೆಗಳಿಗೆ ಇಳಿದು ಮುಗಿಯಿತಾದರೂ, ಸೆರೆಮನೆಯ ಬಾಗಿಲವರೆಗೆ ಹೋಗಿಬಂದಂತೆಯೇ ಆಯಿತು.

ಮಾವ: ಅವನು ಜೇಬಿಗೆ ಒಂದು ಕಾಸನ್ನೂ ಹಾಕಿಕೊಂಡಿರಲಿಕ್ಕಿಲ್ಲ; ಆದರೂ ಪರರ ಗದ್ದೆಯ ಭತ್ತವನ್ನು ದೇವರಿಗೆ ಅಳೆದುಕೊಟ್ಟವನನ್ನು ದಾನಿಯೆನ್ನಲಾಗುವುದಿಲ್ಲ. ಶಿಕ್ಷೆ ಅತಿಯಾಯಿತೆನ್ನು, ಒಪ್ಪುತ್ತೇನೆ. ಎರಡನೆಯದು ಸ್ವಇಚ್ಛೆ.

ಅಳಿಯ: ಅದು ತಪ್ಪಿದ ನಿದರ್ಶನಗಳೂ ಇವೆ. 2001ರಲ್ಲಿ ಅಮೆರಿಕದ ಅಂತರ್ಜಾಲ ಸೇವೆಯ ಒಂದು ಸಂಸ್ಥೆ, ಪುಕ್ಕಟೆ ಸೇವೆ ಪಡೆಯುವ ಗಿರಾಕಿಗಳ ಯಂತ್ರಗಳು ತಾನು ಹೇಳಿದ ಲೆಕ್ಕಗಳನ್ನು ಮಾಡಬೇಕೆಂದೂ, ಅದಕ್ಕಾಗಿ ಅವರು ಯಂತ್ರವನ್ನು ಹಗಲಿರುಳು ಆರಿಸದೆ ಇಡಬೇಕಾಗಬಹುದೆಂದೂ ತನ್ನ ಷರತ್ತುಗಳ ನಡುವೆ ಬರೆದು ದೊಡ್ಡ ಕೋಲಾಹಲವನ್ನು ಎಬ್ಬಿಸಿತು. ಅದಾದ ಎಷ್ಟೋ ವರ್ಷಗಳ ಮೇಲೆ, 2017ರಿಂದ 2019ರವರೆಗೆ, ‘ಕಾಯಿನ್‌ಹೈವ್’ ಎಂಬ ಸೇವೆಯ ಕಾರ್ಯಕ್ರಮವನ್ನು ಅನೇಕ ಜಾಲತಾಣಗಳು ತಮ್ಮ ಪುಟಗಳಲ್ಲಿ ಹುದುಗಿಸಿ, ಓದಲು ಬಂದವರ ಯಂತ್ರಗಳಿಂದ ಅವರಿಗೆ ತಿಳಿಸದೆಯೇ ಲೆಕ್ಕ ಮಾಡಿಸಿ ಗುಪ್ತನಾಣ್ಯವನ್ನು ಗಳಿಸಿಕೊಂಡವು.

ಮಾವ: ಆಗ ಮೂರು ವರ್ಗಗಳಾದುವು. ಅರಿತು ಒಪ್ಪಿ ಕೊಟ್ಟದ್ದು ದಾನ. ಷರತ್ತಿನ ಸಣ್ಣ ಅಕ್ಷರಗಳಲ್ಲಿ ಸಿಕ್ಕಿಸಿ ಮಾಡಿಸಿಕೊಂಡದ್ದು ಬಿಟ್ಟಿಚಾಕರಿ. ಕೇಳದೆಯೇ ಎತ್ತಿಕೊಂಡದ್ದು ಕಳವು. ಯಂತ್ರದ ಒಳಗೆ ನಡೆಯುವ ದುಡಿಮೆ ಮೂರರಲ್ಲಿಯೂ ಒಂದೇ. ಭೇದವೆಲ್ಲ ಒಡೆಯನ ಒಪ್ಪಿಗೆಯಲ್ಲಿದೆ. ಇನ್ನು ಮೂರನೆಯದು. ಬಿಡುವು ಎಂದೆ, ಬಿಡುವಿಗೆ ಬೆಲೆಯಿಲ್ಲವೆಂದು ನಿನ್ನ ಭಾವವೆ?

ಅಳಿಯ: ಹಿಂದೆ ಹಾಗೆ ಹೇಳುವುದಿತ್ತು. ಆ ಕಾಲದ ಯಂತ್ರಗಳು ಸುಮ್ಮನಿದ್ದರೂ ದುಡಿದಷ್ಟೇ ವಿದ್ಯುತ್ತನ್ನು ಹೆಚ್ಚುಕಡಿಮೆ ನುಂಗುತ್ತಿದ್ದುವು. ಈಗಿನವು ಕೆಲಸವಿಲ್ಲದಾಗ ನಿದ್ರಿಸಬಲ್ಲವಾದುದರಿಂದ, ದುಡಿಮೆಗೆ ಹಚ್ಚಿದರೆ ನಿಜವಾಗಿಯೂ ಹೆಚ್ಚು ಖರ್ಚು. ರಾತ್ರಿ ಏಳು ಗಂಟೆಗಳ ಕಾಲ 80 ವಾಟ್ ಹೆಚ್ಚಿಗೆ ಉರಿಯಿತೆಂದು ಇಟ್ಟುಕೊಂಡರೆ ತಿಂಗಳಿಗೆ ಸುಮಾರು 17 ಯೂನಿಟ್ ಆದೀತು. ಕೋಣೆಯೂ ಒಂದಿಷ್ಟು ಬೆಚ್ಚಗಾಗುತ್ತದೆ, ಫ್ಯಾನು ಗುಂಯ್‌ಗುಡುತ್ತದೆ.

ಮಾವ: ಬೆಚ್ಚಗಾಗುವುದು ಈ ಕಾರ್ತಿಕದಲ್ಲಿ ದೋಷವಲ್ಲ. ಖರ್ಚನ್ನು ಮುಚ್ಚಿಡದೆ ಹೇಳಿದೆ, ಅಷ್ಟು ಸಾಕು. ತನಗೇನೂ ಆಗದ ಕೊಡುಗೆಯನ್ನು ದಾನವೆಂದು ಬರೆಸಿಕೊಳ್ಳಲು ನನಗೂ ಸಂಕೋಚ. ಈಗ ನಾಲ್ಕನೆಯದು, ನನ್ನ ಕಚೇರಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜಗಳಗಳಿಗೆ ಕಾರಣವಾದದ್ದು: ಚಕ್ಕುಬಂದಿ. ಮನೆ ಕೊಟ್ಟೆನೆಂದರೆ ಸಾಲದು. ಪೂರ್ವಕ್ಕೆ ಯಾರ ಗೋಡೆ, ಪಶ್ಚಿಮಕ್ಕೆ ಯಾವ ಓಣಿ, ಬಾವಿ ಸೇರಿತೋ ಇಲ್ಲವೋ ಹೇಳಬೇಕು. ನಾನು ಯಂತ್ರದ ಬಿಡುವನ್ನು ಕೊಟ್ಟಾಗ ಅದರ ಜೊತೆಗೆ ನನ್ನ ಮನೆಯಿಂದ ಹೊರಗೆ ಹೋಗುವುದು ಇನ್ನೇನು?

ಅಳಿಯ: ನಿಮ್ಮ ಕಡತಗಳನ್ನು ಅದು ಕೇಳುವುದಿಲ್ಲ. ಆದರೆ ಯಂತ್ರದ ಪ್ರೊಸೆಸರ್ ಯಾವುದು, ಅದರ ಕಾರ್ಯಾಚರಣೆಯ ವ್ಯವಸ್ಥೆ ಯಾವುದು, ನೆನಪಿನ ಅಳತೆಯೆಷ್ಟು, ಡಿಸ್ಕಿನಲ್ಲಿ ಬರಿದಾಗಿರುವ ಜಾಗವೆಷ್ಟು, ಯಂತ್ರಕ್ಕೆ ನೀವು ಇಟ್ಟ ಹೆಸರೇನು, ಒಟ್ಟು ಕಾಲದಲ್ಲಿ ಅದು ಎಷ್ಟು ಭಾಗ ದುಡಿಮೆಗೆ ಸಿದ್ಧವಾಗಿರುತ್ತದೆ ಎಂಬುದನ್ನು ಬಾಯಿಂಕ್ ಲೆಕ್ಕವಿಟ್ಟು ಸರ್ವರ್‌ಗೆ ಒಪ್ಪಿಸುತ್ತದೆ. ಇಲ್ಲದಿದ್ದರೆ ಯಾವ ಯಂತ್ರಕ್ಕೆ ಎಷ್ಟು ಕೆಲಸ ಕೊಡಬೇಕೆಂದು ಅವರಿಗೆ ತಿಳಿಯದು. ಪ್ರತಿ ಸಲ ಮಾತನಾಡಿಸಿದಾಗಲೂ ಯಾವ ಐಪಿ ವಿಳಾಸದಿಂದ, ಎಷ್ಟು ಹೊತ್ತಿಗೆ ಬಂದಿರೆಂಬುದು ಅಲ್ಲಿ ಕಾಣುತ್ತದೆ. ಹೊರಗಿನವರಿಗೆ ಆ ವಿಳಾಸವನ್ನು ತೋರಿಸುವುದಿಲ್ಲ. ಇಷ್ಟರಲ್ಲಿ ಗುಟ್ಟೇನಿದೆ ಮಾವ? ಒಳ್ಳೆಯದೇ ಆದ ಪ್ರಸಂಗವೂ ಉಂಟು. 2007ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಒಬ್ಬಾಕೆಯ ಲ್ಯಾಪ್‌ಟಾಪ್ ಕಳುವಾಯಿತು. ಆಕೆ ಬರೆಯುವವಳು, ಹಸ್ತಪ್ರತಿಗಳೆಲ್ಲ ಅದರಲ್ಲಿದ್ದುವು. ಗಂಡನು ಅದರೊಳಗೆ ಸೆಟಿ ಅಟ್ ಹೋಮ್ ಹಾಕಿಟ್ಟಿದ್ದನು. ಕಳವಿನ ಮಾಲು ಬೇರೆಡೆಯಲ್ಲಿ ಅಂತರ್ಜಾಲಕ್ಕೆ ಸೇರಿಕೊಂಡೊಡನೆ, ಎಂದಿನ ವಾಡಿಕೆಯಂತೆ ಬರ್ಕ್ಲಿಗೆ ಹೋಗಿ ತನ್ನ ತುಣುಕಿನ ಲೆಕ್ಕ ಒಪ್ಪಿಸಿತು. ಅಲ್ಲಿ ದಾಖಲಾದ ಐಪಿ ವಿಳಾಸವನ್ನು ಅವನು ಪೊಲೀಸರಿಗೆ ಕೊಟ್ಟನು. ಅವರು ಸಂಪರ್ಕ ಒದಗಿಸುವ ಸಂಸ್ಥೆಯಿಂದ ಮನೆಯ ವಿಳಾಸವನ್ನು ಪಡೆದು ಲ್ಯಾಪ್‌ಟಾಪನ್ನು ಮರಳಿಸಿದರು. ಆಕೆಯ ಬರೆಹಗಳು ಉಳಿದುವು.

ಮಾವ: ಕಥೆ ಸೊಗಸಾಗಿದೆ, ಕಳ್ಳನ ಪಕ್ಷ ವಹಿಸಲು ನನಗೆ ಮನಸ್ಸಿಲ್ಲ. ಆದರೆ ಆ ಕಥೆಯಿಂದ ಕಳ್ಳನೆಂಬ ಪದವನ್ನು ತೆಗೆದು, ತನ್ನ ಯಂತ್ರವನ್ನು ತಾನೇ ಎತ್ತಿಕೊಂಡು ಗಂಡನ ಮನೆಯಿಂದ ಹೇಳದೆ ಹೊರಟುಹೋದ ಹೆಂಗಸೊಬ್ಬಳನ್ನು ಅಲ್ಲಿಟ್ಟು, ಇನ್ನೊಮ್ಮೆ ಹೇಳಿನೋಡು.

ಅಳಿಯ: ಅವಳೂ ಸಿಕ್ಕಿಬೀಳುವ ಸಂಭವವಿದೆ.

ಮಾವ: ದಾಖಲೆಗೆ ಮುಖನೋಟವಿಲ್ಲ, ಕಳ್ಳನಿಗೂ ಸಾಧ್ವಿಗೂ ಅದು ಒಂದೇ ಬಗೆಯಲ್ಲಿ ನಿಲ್ಲುತ್ತದೆ. ಮನೆಯ ವಿಳಾಸ ಪಡೆಯುವ ಮುನ್ನ ಆ ಊರಿನ ಪೊಲೀಸರು ಕಾಗದಪತ್ರ ತೋರಿಸಬೇಕಾಗಿದ್ದಿರಬೇಕು. ಕಾಪು ಅಂದರೆ ಅದು. ಕೇಳು, ನೋಂದಣಿಯ ಕಾಯಿದೆ 1908ರದು. ಅದರ ಪ್ರಕಾರ ಒಂದನೆಯ ಪುಸ್ತಕವನ್ನು, ಅಂದರೆ ಸ್ಥಿರಸ್ವತ್ತಿನ ಪತ್ರಗಳದನ್ನು, ಶುಲ್ಕ ಕಟ್ಟಿ ಬಂದ ಯಾರಾದರೂ ತೆರೆದು ನೋಡಬಹುದು. ಆದರೆ ಉಯಿಲುಗಳಿರುವ ಮೂರನೆಯ ಪುಸ್ತಕದ ನಕಲನ್ನು, ಬರೆದವನು ಬದುಕಿರುವ ತನಕ ಅವನಿಗೆ ಇಲ್ಲವೆ ಅವನ ಅಧಿಕೃತ ಪ್ರತಿನಿಧಿಗೆ ಅಲ್ಲದೆ, ಅವನ ಸ್ವಂತ ಮಗನಿಗೂ ಕೊಡುವಂತಿಲ್ಲ. ಉಯಿಲಿನಲ್ಲಿ ಬರೆದಿರುವುದೇನು ಪಾಪವೆ? ಗದ್ದೆ ಯಾರಿಗೆ, ಬಳೆ ಯಾರಿಗೆ ಎಂಬುದಷ್ಟೆ. ಆದರೆ ಯಾವುದನ್ನು, ಯಾರಿಗೆ, ಯಾವ ಹೊತ್ತಿಗೆ ತೋರಿಸಬೇಕೆಂಬುದು ಬರೆದವನ ಕೈಯಲ್ಲಿರಬೇಕೆಂದು ಆ ಹಳೆಯ ಕಾಯಿದೆ ಬಲ್ಲದು. ಗೋಪ್ಯವೆಂದರೆ ನಾಚಿಕೆಗೇಡಿನದನ್ನು ಬಚ್ಚಿಡುವುದೆಂದು ತಿಳಿದವರು ‘ಗುಟ್ಟೇನಿದೆ’ ಎನ್ನುತ್ತಾರೆ; ನನಗದು ಚಕ್ಕುಬಂದಿಯ ಇನ್ನೊಂದು ಹೆಸರು.

ಅಳಿಯ: ಆದರೂ ಪ್ರೊಸೆಸರಿನ ಹೆಸರನ್ನು ಉಯಿಲಿಗೆ ಹೋಲಿಸಬಹುದೆ?

ಮಾವ: ಒಂದೊಂದಾಗಿ ನೋಡಿದರೆ ಇಲ್ಲ. ಆದರೆ ನಮ್ಮಲ್ಲಿ ಪುಸ್ತಕಕ್ಕಿಂತ ಇಂಡೆಕ್ಸಿಗೆ ಬೆಲೆ ಹೆಚ್ಚಾಗಿತ್ತು. ಒಂದು ಕ್ರಯಪತ್ರ ಒಂದು ಹೊಲದ ಮಾತು ಹೇಳುತ್ತದೆ. ಹೆಸರು ಹಿಡಿದು ಇಂಡೆಕ್ಸು ತಿರುವಿದವನಿಗೆ ಅದೇ ಮನುಷ್ಯ ಮೊದಲು ಬಳಿಯ ಹೊಲ ಮಾರಿದ್ದು, ಆಮೇಲೆ ತೋಟ ಅಡವಿಟ್ಟದ್ದು, ಕೊನೆಗೆ ಮನೆ ಕಳೆದುಕೊಂಡದ್ದು ಸಾಲಾಗಿ ಕಂಡು, ಅವನ ಮನೆಯ ಕಣ್ಣೀರೇ ಕಂಡಂತಾಗುತ್ತಿತ್ತು. ನಿನ್ನ ಸರ್ವರು ಇಡುವ ಗಳಿಗೆ, ವಿಳಾಸ, ಬಿಡುವಿನ ಪ್ರಮಾಣ ಇವುಗಳನ್ನು ವರ್ಷಾನುಗಟ್ಟಲೆ ಒಂದರ ಕೆಳಗೊಂದು ಜೋಡಿಸಿದವನಿಗೆ, ನಾನು ಮಲಗುವ ಹೊತ್ತು, ಏಳುವ ಹೊತ್ತು, ಮನೆಗೆ ಬೀಗ ಹಾಕಿ ತೀರ್ಥಯಾತ್ರೆಗೆ ಹೋದ ವಾರ, ಎಲ್ಲವೂ ತಿಳಿಯದೆ ಹೋದೀತೆ? ಆ ವಿಜ್ಞಾನಿಗಳು ಹಾಗೆ ಜೋಡಿಸುವರೆಂದು ನಾನು ಹೇಳುತ್ತಿಲ್ಲ. ಜೋಡಿಸಲು ಬರುವಂತಹುದೆಂದಷ್ಟೇ ಹೇಳುತ್ತಿದ್ದೇನೆ.

ಅಳಿಯ: ಯೋಜನೆಯ ಜಾಲತಾಣದಲ್ಲಿ ನಮ್ಮ ಯಂತ್ರಗಳ ವಿವರವನ್ನು ಇತರರಿಗೆ ತೋರಿಸಬೇಕೇ ಬೇಡವೇ ಎಂಬ ಆಯ್ಕೆಯಿದೆ. ಹೆಸರಿನ ಬದಲು ಬೇರೊಂದು ಅಂಕಿತವನ್ನೂ ಇಟ್ಟುಕೊಳ್ಳಬಹುದು. 2018ರಲ್ಲಿ ಯುರೋಪಿನ ದತ್ತಾಂಶ ರಕ್ಷಣೆಯ ಕಾಯಿದೆ ಜಾರಿಗೆ ಬಂದ ಮೇಲೆ, ದಾನಿಗಳ ಅಂಕಪಟ್ಟಿಗಳನ್ನು ಇತರ ಜಾಲತಾಣಗಳಿಗೆ ಕೊಡುವ ಮುನ್ನ ಅವರ ಒಪ್ಪಿಗೆ ಕೇಳುವ ಪದ್ಧತಿಯೂ ಬಂದಿದೆ.

ಮಾವ: ನಮ್ಮಲ್ಲಿಯೂ ಆ ಮಾತಿಗೆ ಬಲ ಬಂದುದು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರಿಂದ. ಇಳಿವಯಸ್ಸಿನಲ್ಲಿ ಆಧಾರ್ ಕುರಿತು ಅವರು ಹೂಡಿದ ಅರ್ಜಿಯ ಮೇಲೆಯೇ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ಹೇಳಿದರು. ಅದಿರಲಿ. ಹೊರಗೆ ಹೋಗುವುದರ ಮಾತಾಯಿತು. ಒಳಗೆ ಬರುವುದರ ಮಾತೇನು? ಅಪರಿಚಿತನ ಕಾರ್ಯಕ್ರಮವೊಂದು ರಾತ್ರಿಯೆಲ್ಲ ನನ್ನ ಕೋಣೆಯಲ್ಲಿ ಕುಳಿತಿರುತ್ತದೆ. ನಾನು ಒಳಗೆ ನಿದ್ರಿಸುತ್ತಿರುತ್ತೇನೆ.

ಅಳಿಯ: ಆ ಭಯ ನಿರಾಧಾರವಲ್ಲ. 2003ರಲ್ಲಿ ಸೆಟಿ ಅಟ್ ಹೋಮ್‌ನ ಕಾರ್ಯಕ್ರಮದಲ್ಲಿಯೇ ದೋಷವೊಂದು ಹೊರಬಿದ್ದಿತು. ಸರ್ವರಿನ ವೇಷ ಹಾಕಿದ ಯಾರಾದರೂ ಅಳತೆಮೀರಿದ ಉದ್ದದ ಉತ್ತರವನ್ನು ಕಳುಹಿಸಿದರೆ, ಆ ಉಕ್ಕಿದ ಭಾಗದ ಮೂಲಕ ಯಂತ್ರವನ್ನೇ ವಶಪಡಿಸಿಕೊಳ್ಳಬಹುದಾಗಿತ್ತು. ಯಂತ್ರದ ವಿವರಗಳನ್ನೂ ಆಗ ಮುಚ್ಚುಮರೆಯಿಲ್ಲದೆ ಬರಿಯ ಅಕ್ಷರಗಳಲ್ಲಿ ಕಳುಹಿಸುತ್ತಿದ್ದರು. ಹೊಸ ಆವೃತ್ತಿಯನ್ನು ಹೊರಡಿಸಿ ತಿದ್ದಿದರು. ಮುಂದೆ ಬಂದ ಬಾಯಿಂಕ್‌ನಲ್ಲಿ ಪ್ರತಿಯೊಂದು ಕಾರ್ಯಕ್ರಮಕ್ಕೂ ಯೋಜನೆಯವರು ಗಣಿತದ ಮುದ್ರೆಯೊಂದನ್ನು ಒತ್ತಬೇಕು. ಆ ಮುದ್ರೆಯ ಕೀಲಿಯನ್ನು ಜಾಲಕ್ಕೆ ಸೇರಿಸದ ಬೇರೊಂದು ಯಂತ್ರದಲ್ಲಿ ಇಡಬೇಕೆಂಬುದು ಅವರಿಗಿರುವ ಸೂಚನೆ. ಮುದ್ರೆ ತಾಳೆಯಾಗದ ಕಾರ್ಯಕ್ರಮವನ್ನು ನಿಮ್ಮ ಯಂತ್ರ ನಡೆಸುವುದಿಲ್ಲ. ಮನೆಯಾತನ ಕಡತಗಳು ಅದರ ಕೈಗೆ ಸಿಗದಂತೆ, ಬೇರೊಂದು ಬಳಕೆದಾರ ಖಾತೆಯ ಕೆಳಗೆ ಅದನ್ನು ಕಟ್ಟಿಹಾಕಲೂ ಬರುತ್ತದೆ.

ಮಾವ: ಮೊಹರು ಕಚೇರಿಯ ಬೀರುವಿನಲ್ಲಿದ್ದ ಮಾತ್ರಕ್ಕೆ ಪತ್ರ ಸಾಚಾ ಆಗುವುದಿಲ್ಲ, ಬೀರುವಿನ ಬೀಗದ ಕೈ ಯಾರ ಸೊಂಟದಲ್ಲಿದೆಯೆಂಬುದೂ ಮುಖ್ಯ. ಆದುದರಿಂದ, ಎಷ್ಟೇ ಮುದ್ರೆಗಳಿದ್ದರೂ ಕೊನೆಗೆ ನಂಬುವುದು ಮನುಷ್ಯರನ್ನೇ. ಅವರು ನಮ್ಮನ್ನು ನಂಬುತ್ತಾರೆಯೆ?

ಅಳಿಯ: ಪೂರ್ತಿಯಾಗಿ ಇಲ್ಲ. ದಾನಿಗಳಿಗೆ ಅವರವರು ಮಾಡಿದ ಲೆಕ್ಕಕ್ಕೆ ತಕ್ಕಂತೆ ಅಂಕಗಳನ್ನು ಕೊಡುವುದುಂಟು. ಹಣವಲ್ಲ, ಬರಿಯ ಕೀರ್ತಿ. ಅದರ ಆಸೆಗೆ ಕೆಲವರು ಲೆಕ್ಕ ಮಾಡದೆಯೇ ಸುಳ್ಳು ಉತ್ತರಗಳನ್ನು ಕಳುಹಿಸಿದರು. ಆದಕಾರಣ ಒಂದೇ ತುಣುಕನ್ನು ಒಂದಕ್ಕಿಂತ ಹೆಚ್ಚು ಮನೆಗಳಿಗೆ ಕೊಟ್ಟು, ಉತ್ತರಗಳು ತಾಳೆಯಾದರೆ ಮಾತ್ರ ಸ್ವೀಕರಿಸುವ ಪದ್ಧತಿ ಬೆಳೆಯಿತು.

ಮಾವ: ನೋಡಿದೆಯಾ! ಹಿಡಿಯಕ್ಕಿಯಲ್ಲಿ ಕಲ್ಲಿದೆಯೇ ಎಂದು ಅವರು ಆರಿಸಿ ನೋಡುವುದಾದರೆ, ಅವರ ಜೋಳಿಗೆಯಲ್ಲಿ ತೂತಿದೆಯೇ ಎಂದು ನಾನು ನೋಡುವುದರಲ್ಲಿ ಅವಮರ್ಯಾದೆಯೇನಿಲ್ಲ. ನನ್ನ ಸಂಶಯಗಳು ತೀರಲಿಲ್ಲ. ಆದರೆ ಅವುಗಳಿಗೆ ಎಲ್ಲೆ ಕಾಣಿಸಿತು. ಆ ಕಾಗದ ಲೇಖನಿ ತೆಗೆದುಕೊ, ಚಕ್ಕುಬಂದಿ ಬರೆ. ಪೂರ್ವಕ್ಕೆ: ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಮಾತ್ರ, ಅದೂ ನಾನು ಮುಟ್ಟದಿರುವಾಗ, ಪ್ರೊಸೆಸರಿನ ಅರ್ಧ ಶಕ್ತಿ ಮೀರದಂತೆ. ದಕ್ಷಿಣಕ್ಕೆ: ಬೇರೆ ಖಾತೆ, ವಂಶಾವಳಿಯ ಕಡತ ಆ ಎಲ್ಲೆಯಿಂದ ಹೊರಗೆ. ಅದರಲ್ಲಿರುವುದು ನನ್ನೊಬ್ಬನ ಗುಟ್ಟಲ್ಲ; ಯಾವ ಅಜ್ಜಿಯನ್ನು ಯಾವ ವಯಸ್ಸಿಗೆ ಮದುವೆ ಮಾಡಿಕೊಟ್ಟರು, ಯಾರಿಗೆ ಮಕ್ಕಳುಳಿಯಲಿಲ್ಲ ಎಂಬುದನ್ನು ನನ್ನನ್ನು ನಂಬಿ ಹೇಳಿದವರಿದ್ದಾರೆ. ಪರರದನ್ನು ದಾನ ಮಾಡಿದ ಆ ಜಾರ್ಜಿಯಾದವನ ಸಾಲಿಗೆ ನಾನು ಸೇರಲಾರೆ. ಪಶ್ಚಿಮಕ್ಕೆ: ನನ್ನ ಹೆಸರಿಲ್ಲ, ಯಂತ್ರಕ್ಕೆ ಊರಿನ ಹೆಸರೂ ಇಲ್ಲ, ವಿವರಗಳು ಇತರರಿಗೆ ಕಾಣತಕ್ಕದ್ದಲ್ಲ. ಉತ್ತರಕ್ಕೆ: ಒಂದೇ ಯೋಜನೆ, ಯಾರು ನಡೆಸುತ್ತಾರೆ, ಫಲವನ್ನು ಎಲ್ಲಿ ಪ್ರಕಟಿಸುತ್ತಾರೆ ಎಂಬುದು ನನಗೆ ಗೊತ್ತಿರುವಂತಹುದು.

ಅಳಿಯ: ಬರೆದೆ. ಇನ್ನೊಂದು ವಾಕ್ಯ ಸೇರಿಸಲೇ ಮಾವ, ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯುವ ಅಧಿಕಾರ ನಿಮಗುಂಟು ಎಂದು?

ಮಾವ: ಸೇರಿಸಿದರೆ ಪತ್ರವೇ ಬಿದ್ದುಹೋಗುತ್ತದೆ! ಕೊಟ್ಟವನು ತನ್ನ ಇಷ್ಟಬಂದಾಗ ರದ್ದುಮಾಡಬಹುದಾದ ದಾನವು ಶೂನ್ಯವೆಂದು 1882ರ ಸ್ವತ್ತು ವರ್ಗಾವಣೆಯ ಕಾಯಿದೆ ಹೇಳುತ್ತದೆ.

ಅಳಿಯ: ಹಾಗಾದರೆ ಇದು ದಾನವೇ ಅಲ್ಲವೆಂದಾಯಿತೆ?

ಮಾವ: ಅವಸರಪಡಬೇಡ. ಅದೇ ಕಾಯಿದೆಯಲ್ಲಿ ಇನ್ನೊಂದು ಮಾತಿದೆ: ಇನ್ನೂ ಹುಟ್ಟದ ಸ್ವತ್ತನ್ನು ದಾನ ಮಾಡಲು ಬರುವುದಿಲ್ಲ, ಕೊಡುವ ಹೊತ್ತಿಗೆ ಕೈಯಲ್ಲಿ ಇರುವುದನ್ನೇ ಕೊಡಬೇಕು. ನಾಳಿನ ರಾತ್ರಿ ಇನ್ನೂ ನನ್ನ ಕೈಗೆ ಬಂದಿಲ್ಲ. ಬಂದಾಗ, ಆ ಜೋಳಿಗೆಯನ್ನು ಮತ್ತೊಮ್ಮೆ ನೋಡಿ, ಮತ್ತೊಮ್ಮೆ ಕೊಟ್ಟೇನು, ಇಲ್ಲವೆ ಬಿಟ್ಟೇನು. ಹೊತ್ತಿನ ವಿಷಯದಲ್ಲಿ ಈ ಅನುಕೂಲವಿದೆ. ಎಷ್ಟು ಕೊಟ್ಟರೂ ಸಂಜೆಗೆ ಹೊಸದಾಗಿ ಹುಟ್ಟುತ್ತದೆ. ಗುರುತಿನ ವಿಷಯದಲ್ಲಿ ಅದಿಲ್ಲ. ಒಮ್ಮೆ ಪರರ ಪುಸ್ತಕಕ್ಕೆ ಏರಿತೆಂದರೆ ಅದನ್ನು ಮತ್ತೆ ಹೆರುವ ಸಂಜೆಯಿಲ್ಲ. ಹೊತ್ತನ್ನು ಕೈಬಿಚ್ಚಿ ಕೊಡು, ಗುರುತನ್ನು ಎಣಿಸಿ ಕೊಡು ಎಂದು ನಾನು ಹೇಳುವುದು ಅದಕ್ಕೇ.

ಅಳಿಯ: ಹಾಗಾದರೆ ಪತ್ರದಲ್ಲಿ ಸ್ವತ್ತಿನ ವಿವರವೇನೆಂದು ಬರೆಯಲಿ?

ಮಾವ: ‘ಈ ದಿನದ ರಾತ್ರಿ’ ಎಂದು ಬರೆ. ಗಂಟೆ ಹತ್ತಾಗುತ್ತಾ ಬಂತು. ಹೋಗಿ ಬಟ್ಟೆ ತೆಗೆ. ಮಡಿಸಿ ಮೇಜಿನ ಮೇಲೆಯೇ ಇಡು. ಬೆಳಗ್ಗೆ ಐದಕ್ಕೆ ಎದ್ದು ನಿನ್ನ ಅತ್ತೆ ಮತ್ತೆ ಹೊದಿಸುತ್ತಾಳೆ.